ಚೆನ್ನೆಮಣೆಯಿಂದ ಕೈಫೋನಿಗೆ

ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು ನೋಡಬಂದವರು ಅಲ್ಲಿಯ ಕಲ್ಲುಕೆಲಸವನ್ನು ಹೊಗಳಿ ಹೋಗುತ್ತಾರೆ. ನಡುಗಂಬಗಳ ನಡುವಿನ ಅಂತರವನ್ನು ಗಮನಿಸುವವರು ಕಡಮೆ. ಕೆಳದಿಯ ಅರಸರ ಕಾಲದಲ್ಲಿ ತೋಟದ ಜಮೀನಿನ ಅಳತೆಗೆ ಆ ಅಂತರವೇ ಪ್ರಮಾಣವಾಗಿತ್ತೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಹೇಳುತ್ತದೆ. ಹದಿನೆಂಟೂವರೆ ಅಡಿಯ ಕೋಲೊಂದನ್ನು ಅದಕ್ಕೆ ಸರಿಯಾಗಿ ಕಡಿದುಕೊಂಡರಾಯಿತು, ದೇವಾಲಯದ ಅಳತೆ ಹೆಗಲೇರಿ ತೋಟಕ್ಕೆ ಬರುತ್ತಿತ್ತು. ಉದ್ದವೆಂಬುದು ಹೀಗೆ ಕಲ್ಲಿನಿಂದ ಕೋಲಿಗೆ ಯಾವ ಕೊರತೆಯೂ ಇಲ್ಲದೆ ದಾಟುತ್ತದೆ. ಆಟವೂ ಹಾಗೆಯೇ ದಾಟುವುದೆ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಮನೆಗಳಲ್ಲಿ ಮಳೆಗಾಲದ ಆಟವೆಂದರೆ ಚೆನ್ನೆಮಣೆ. ಬಯಲುಸೀಮೆಯವರಿಗೆ ಇದೇ ಅಳಗುಳಿಮಣೆ. ಸಾಲಿಗೆ ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಗುಳಿಗೆ ನಾಲ್ಕೋ ಐದೋ ಹುಣಸೆಬೀಜ ಅಥವಾ ಮಂಜೊಟ್ಟಿಕಾಳು. ಒಂದು ಗುಳಿಯ ಕಾಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಲ್ಲಿ ಮುಂದಿನ ಗುಳಿಯನ್ನು ಬಾಚಿ ಮತ್ತೆ ಬಿತ್ತನೆ. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದು ನಿಮ್ಮ ಪಾಲು. ಇದು ಒಂದು ಬಗೆ. ಮನೆಮನೆಗೂ ಬಗೆ ಬೇರೆ.

ಈ ಕುಲದ ಆಟಗಳು ಆಫ್ರಿಕದಲ್ಲಿಯೂ ಏಷ್ಯದಲ್ಲಿಯೂ ಉದ್ದಕ್ಕೂ ಹರಡಿವೆ. ೧೯೪೦ರಲ್ಲಿ ಅಮೆರಿಕದ ವಿಲಿಯಂ ಜೂಲಿಯಸ್ ಚಾಂಪಿಯನ್ ಎಂಬವರು ಇವುಗಳ ಮಾದರಿಯ ಮೇಲೆ ಒಂದು ಸರಳವಾದ ಆಟವನ್ನು ಕಟ್ಟಿ ‘ಕಲಾ’ ಎಂದು ಹೆಸರಿಟ್ಟರು. (ಇಂಗ್ಲಿಷಿನ ಅಕ್ಷರಗಳನ್ನು ಇದ್ದಂತೆಯೇ ಓದಿದರೆ ನಮಗದು ಕಲಹವೇ ಸರಿ!) ಆರಾರು ಗುಳಿ, ತುದಿಗೊಂದು ಕಣಜ, ಕೈ ಬರಿದಾದರೆ ಮುಂದಿನ ಗುಳಿಯನ್ನು ಬಾಚುವಂತಿಲ್ಲ. ನಿಯಮ ಚಿಕ್ಕದಾದ್ದರಿಂದ ಯಂತ್ರಕ್ಕೆ ಕಲಿಸುವುದು ಸುಲಭವಾಯಿತು. ಅರವತ್ತರ ದಶಕದಲ್ಲಿಯೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರು ಇದನ್ನಾಡಿತು. ೨೦೦೦ರಲ್ಲಿ ನೋಕಿಯಾ ಕಂಪೆನಿ ತನ್ನ ೩೩೧೦ ಎಂಬ ಕೈಫೋನಿನೊಳಗೆ ಇದನ್ನೇ ‘ಬಂಟುಮಿ’ ಎಂಬ ಹೆಸರಿನಲ್ಲಿ ಕೂರಿಸಿತು. ಅದೇ ವರ್ಷ ಮೂವರು ಸಂಶೋಧಕರು, ಗುಳಿಗೆ ನಾಲ್ಕು ಕಾಳಿನ ಕಲಾ ಆಟದಲ್ಲಿ ಮೊದಲು ಆಡುವವನು ತಪ್ಪಿಲ್ಲದೆ ಆಡಿದರೆ ಗೆದ್ದೇ ಗೆಲ್ಲುತ್ತಾನೆಂದು ಕಂಪ್ಯೂಟರಿನಿಂದಲೇ ಲೆಕ್ಕ ಹಾಕಿ ತೋರಿಸಿದರು.

ಫೋನನ್ನು ದೂರುವುದು ನನ್ನ ಉದ್ದೇಶವಲ್ಲ. ಮಣೆಯಿಲ್ಲದ ಪಟ್ಟಣದ ಮನೆಗಳಿಗೆ, ಬಸ್ಸಿಗೆ ಕಾಯುವ ಹುಡುಗರಿಗೆ, ಬಿತ್ತನೆಯ ಸುಖವನ್ನು ಅದು ತುಸುವಾದರೂ ಮುಟ್ಟಿಸಿತು. ಆದರೆ ಮುಟ್ಟಿಸಿದ್ದು ಅಮೆರಿಕದ ಸರಳ ನಿಯಮವನ್ನು. ಯಂತ್ರಕ್ಕೆ ಯಾವುದಾದರೂ ಒಂದು ನಿಯಮ ಬೇಕೇ ಬೇಕಷ್ಟೆ. ನಾಲ್ಕು ಕಾಳು ಕೂಡಿದೊಡನೆ ಎತ್ತಿಕೊಳ್ಳುವ ಮನೆ, ಎತ್ತಿಕೊಳ್ಳದ ಮನೆ ಎರಡೂ ಒಂದೇ ಊರಿನಲ್ಲಿರಬಹುದು. ಎಲ್ಲವನ್ನೂ ಯಾರೂ ಬರೆದಿಟ್ಟಿಲ್ಲ. ಅಜ್ಜಿಯರ ಬಾಯಲ್ಲಿ ಮಾತ್ರ ಇದ್ದ ನಿಯಮ ಅಜ್ಜಿಯರೊಂದಿಗೇ ಹೋಗುತ್ತದೆ.

ಇನ್ನು ಎಣಿಕೆ. ಎದುರಿನವಳ ಗುಳಿಯಲ್ಲಿ ಒಂಬತ್ತಿವೆಯೋ ಹತ್ತಿವೆಯೋ ಎಂಬುದನ್ನು ಮುಟ್ಟದೆ ಕಣ್ಣಿನಲ್ಲೇ ತೂಗುವುದು ಈ ಆಟದ ಅರ್ಧ ವಿದ್ಯೆ. ಈಚಿನ ಫೋನುಗಳಲ್ಲಿ ಹಲವು ಆಟಗಳು ಗುಳಿಯ ಬದಿಯಲ್ಲೇ ಅಂಕಿಯನ್ನು ಬರೆದು ತೋರಿಸುತ್ತವೆ. ಎಣಿಕೆ ತಪ್ಪುವ ಭಯ ಹೋಯಿತು, ವಾದವೂ ಹೋಯಿತು. ವಾದವೆಂದರೆ ಸಾಮಾನ್ಯವಲ್ಲ: ಘಟ್ಟದ ಕೆಳಗಿನ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಆ ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ. ಅಂಥ ಎದುರಾಳಿ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎದುರಿಗೆ ಕೂತವಳು ಮನುಷ್ಯಳೆಂಬುದಂತೂ ಆಟಕ್ಕೆ ಗೊತ್ತಿತ್ತು.

ಮುಂದೆ ಯಾರಾದರೂ ಚೆನ್ನೆಯನ್ನೇ ಫೋನಿಗೆ ತರುವುದಾದರೆ, ನಿಯಮವನ್ನು ಆಡುವವರೇ ಬದಲಿಸಿಕೊಳ್ಳಲು ಎಡೆಗೊಡಲಿ. ಸೋಲಿನ ನಿಯಮವನ್ನಂತೂ ಬಿಡದಿರಲಿ. ಬಂಟುಮಿಯಲ್ಲಿ ಒಂದು ಆಟ ಮುಗಿದರೆ ಮುಗಿಯಿತು, ಮುಂದಿನದಕ್ಕೆ ಗುಳಿಗಳೆಲ್ಲ ಮತ್ತೆ ಸಮನಾಗಿ ತುಂಬುತ್ತವೆ. ಮಣೆಯಲ್ಲಿ ಹಾಗಲ್ಲ. ಸೋತವಳು ತನ್ನಲ್ಲಿ ಉಳಿದ ಕಾಳಿನಿಂದ ಎಷ್ಟು ಗುಳಿ ತುಂಬುವುದೋ ಅಷ್ಟನ್ನೇ ತುಂಬಬೇಕು. ಮಿಕ್ಕವು ಪಾಳು, ಅವಕ್ಕೆ ಯಾರೂ ಕಾಳು ಹಾಕುವಂತಿಲ್ಲ. ಹೊರಗೆ ಮಳೆ ಸುರಿಯುತ್ತಿರಲು, ಮೂರು ಗುಳಿ ಪಾಳುಬಿದ್ದ ಮಣೆಯ ಮುಂದೆ ಅವಳು ಮತ್ತೆ ಕೂರುತ್ತಾಳೆ. ನಾಲ್ಕು ಗುಳಿಯ ಬಲದಿಂದ ಏಳು ಗುಳಿಯವಳನ್ನು ಎದುರಿಸಿ, ಪಾಳುಬಿದ್ದವನ್ನು ಒಂದೊಂದಾಗಿ ಬಿಡಿಸಿಕೊಳ್ಳಲು ನೋಡುತ್ತಾಳೆ.