ಒಂಬತ್ತು ಮನೆಗಳಲ್ಲಿ ಧರ್ಮಾಧರ್ಮ

ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಧರ್ಮಶಾಸ್ತ್ರದಲ್ಲೋ ಕಾವ್ಯದಲ್ಲೋ ಉತ್ತರ ಹುಡುಕುತ್ತೇವೆ. ಅಮೆರಿಕದ ಕೆಲವು ಆಟಗಾರರು ಅದಕ್ಕೊಂದು ಕೋಷ್ಟಕವನ್ನೇ ರಚಿಸಿದರು. ಅರ್ಧ ಶತಮಾನದಿಂದ ಆ ಕೋಷ್ಟಕದ ತಿದ್ದುಪಡಿ ನಡೆಯುತ್ತಲೇ ಇದೆ. ಆಟದ ಮಾತೆಂದು ಬದಿಗೆ ಸರಿಸದೆ ಈ ಇತಿಹಾಸವನ್ನು ಒಮ್ಮೆ ಅವಲೋಕಿಸುವುದು ಉಚಿತವೆಂದು ನಮಗೆ ತೋರುತ್ತದೆ.

ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಇಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸುತ್ತಾನೆ. ನಿರ್ವಾಹಕನೊಬ್ಬ ಸನ್ನಿವೇಶವನ್ನು ವಿವರಿಸುತ್ತಾನೆ. ತನ್ನ ಪಾತ್ರ ಏನು ಮಾಡುವುದೆಂಬುದನ್ನು ಆಟಗಾರ ಮಾತಿನಲ್ಲಿ ತಿಳಿಸುತ್ತಾನೆ. ಫಲ ಸಂದಿಗ್ಧವಾದಲ್ಲಿ ದಾಳ ತೀರ್ಮಾನಿಸುತ್ತದೆ. ಪಾತ್ರದ ಹಾಳೆಯಲ್ಲಿ ಬಲ, ಬುದ್ಧಿ ಮೊದಲಾದವುಗಳ ಅಂಕಗಳ ಜೊತೆಗೆ ‘ಅಲೈನ್‌ಮೆಂಟ್’ ಎಂಬ ನಮೂದೂ ಇರುತ್ತದೆ. ಅದನ್ನು ನಾವು ನೈತಿಕ ನಿಲುವು ಎನ್ನೋಣ.

ಆದರೆ ಈ ನಮೂದು ಹುಟ್ಟಿದ್ದು ನೀತಿಯ ಚಿಂತನೆಯಿಂದಲ್ಲ, ಯುದ್ಧದ ಆಟದಿಂದ. ಪುಟ್ಟ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ಹೂಡಿ ಆಡುವ ‘ಚೈನ್‌ಮೇಲ್’ ಎಂಬ ಆಟದ ನಿಯಮಗಳನ್ನು ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ್ದರು. ಅದರ ಕಾಲ್ಪನಿಕ ಲೋಕದ ಅನುಬಂಧದಲ್ಲಿ ವ್ಯವಸ್ಥೆಯ ಪಕ್ಷ, ಅವ್ಯವಸ್ಥೆಯ ಪಕ್ಷ, ತಟಸ್ಥರು ಎಂಬ ವಿಂಗಡಣೆಯಿತ್ತು. ಯಾವ ಜೀವಿಯನ್ನು ಯಾವ ಸೈನ್ಯಕ್ಕೆ ಸೇರಿಸಬಹುದೆಂದು ತಿಳಿಸುವುದೇ ಅದರ ಉದ್ದೇಶ. ವ್ಯವಸ್ಥೆ ಮತ್ತು ಅವ್ಯವಸ್ಥೆಗಳ ವಿಶ್ವಸಮರದ ಕಲ್ಪನೆ ಪೋಲ್ ಆಂಡರ್ಸನ್ನನ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ ಕಾದಂಬರಿಯಿಂದಲೂ ಮೈಕೆಲ್ ಮೂರ್‌ಕಾಕ್‌ನ ಎಲ್ರಿಕ್ ಕಥೆಗಳಿಂದಲೂ ಬಂದುದು. 1974ರ ಆಟದಲ್ಲಿಯೂ ಇದೇ ಮೂರು ಪಟ್ಟಿಗಳಿದ್ದವು. ಅಲ್ಲಿ ಮನುಷ್ಯರ ಹೆಸರು ಮೂರರಲ್ಲಿಯೂ ಇದೆ. ಓರ್ಕ್ ಎಂಬ ಕ್ರೂರ ಜನಾಂಗದ ಹೆಸರು ಕೂಡ ತಟಸ್ಥರ ಪಟ್ಟಿಯಲ್ಲೊಮ್ಮೆ, ಅವ್ಯವಸ್ಥೆಯ ಪಟ್ಟಿಯಲ್ಲೊಮ್ಮೆ ಕಾಣಿಸುತ್ತದೆ. ಪಕ್ಷವೆಂದರೆ ಆಗ ಧ್ವಜ. ಧ್ವಜವನ್ನು ಬದಲಿಸಲು ಅವಕಾಶವಿತ್ತು.

1976ರ ಫೆಬ್ರವರಿಯಲ್ಲಿ ಗೈಗ್ಯಾಕ್ಸ್ ‘ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ವ್ಯವಸ್ಥೆಯ ಗೆರೆಗೆ ಅಡ್ಡಲಾಗಿ ಒಳಿತು ಕೆಡುಕುಗಳ ಇನ್ನೊಂದು ಗೆರೆಯನ್ನು ಎಳೆದನು. ನಿಯಮವನ್ನು ಪಾಲಿಸುವವರೆಲ್ಲ ಸಜ್ಜನರಲ್ಲ, ಮುರಿಯುವವರೆಲ್ಲ ದುರ್ಜನರಲ್ಲ ಎಂಬ ವಿವೇಕ ಇದರಲ್ಲಿದೆ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಬರುವ ವೇಳೆಗೆ ಇದು ಒಂಬತ್ತು ಮನೆಗಳ ಚೌಕವಾಗಿತ್ತು. ಒಂದು ಮೂಲೆಯಲ್ಲಿ ನಿಯಮನಿಷ್ಠ ಸಜ್ಜನ, ಎದುರು ಮೂಲೆಯಲ್ಲಿ ಸ್ವಚ್ಛಂದ ದುರ್ಜನ, ನಟ್ಟನಡುವೆ ತಟಸ್ಥ. ‘ಪ್ಯಾಲಡಿನ್’ ಎಂಬ ಧರ್ಮಯೋಧ ಮೊದಲನೆಯ ಮನೆಯನ್ನು ಬಿಟ್ಟರೆ ತನ್ನ ವಿಶೇಷ ಶಕ್ತಿಗಳನ್ನು ಕಳೆದುಕೊಳ್ಳುತ್ತಿದ್ದನು. ನಿಲುವು ಬದಲಾದ ಪಾತ್ರ ತಾನು ಗಳಿಸಿದ ಅನುಭವದ ಒಂದು ಹಂತವನ್ನೇ ದಂಡವಾಗಿ ತೆರಬೇಕೆಂದು 1979ರ ನಿರ್ವಾಹಕರ ಕೈಪಿಡಿ ವಿಧಿಸಿತು.

ಇಲ್ಲಿಯೇ ತೊಡಕು ಆರಂಭವಾಯಿತೆಂಬುದು ನಮ್ಮ ಅಭಿಪ್ರಾಯ. ಆಟಗಾರನ ಹಾಳೆಯಲ್ಲಿ ನಿಲುವೆಂದರೆ ನಡತೆ. ಕೃತ್ಯಗಳಿಂದ ಅದು ಬದಲಾಗುತ್ತದೆ. ಆದರೆ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ಅದೇ ಶಬ್ದವನ್ನು ಇಡೀ ಜನಾಂಗಗಳ ಹಣೆಗೆ ಬರೆಯಲಾಗಿತ್ತು. ಅದರಂತೆ ಓರ್ಕ್ ನಿಯಮನಿಷ್ಠ ದುರ್ಜನ. ಹಾಗಾದರೆ ಗುಹೆಯಲ್ಲಿ ಸಿಕ್ಕ ಓರ್ಕ್ ಶಿಶುಗಳನ್ನು ಏನು ಮಾಡಬೇಕು? ಆಟಗಾರರು ಈ ಪ್ರಶ್ನೆಯನ್ನು ದಶಕಗಳ ಕಾಲ ಚರ್ಚಿಸಿದ್ದಾರೆ. ಶಿಶು ಇನ್ನೂ ಏನನ್ನೂ ಮಾಡಿಲ್ಲ. ಪುಸ್ತಕವೋ ತೀರ್ಪನ್ನು ಆಗಲೇ ಕೊಟ್ಟಿದೆ.

ಅದೇ ಪುಸ್ತಕದಲ್ಲಿ ನಮಗೆ ಪರಿಚಿತವಾದ ಹೆಸರೊಂದಿದೆ: ರಾಕ್ಷಸ. ಹುಲಿಯ ತಲೆಯುಳ್ಳ ಈ ಜೀವಿಯೂ ನಿಯಮನಿಷ್ಠ ದುರ್ಜನನೇ. ರಾಕ್ಷಸನನ್ನು ಒಂದೇ ಮನೆಯಲ್ಲಿ ಕೂಡಿಹಾಕಿದ್ದನ್ನು ಕಂಡಾಗ ನಮಗೆ ವಿಭೀಷಣ ನೆನಪಾಗದಿರುವುದಿಲ್ಲ. ನಾಗಚಂದ್ರನ ಕಾವ್ಯದಲ್ಲಂತೂ ರಾವಣನು ರಾಕ್ಷಸನೇ ಅಲ್ಲ, ವಿದ್ಯಾಧರ. ತನ್ನ ತಪ್ಪಿಗೆ ತಾನೇ ಮರುಗಬಲ್ಲವನು. ಈ ಪಾತ್ರಗಳನ್ನು ಬಲ್ಲ ನಮಗೆ, ಕುಲದ ಹೆಸರೇ ಗುಣದ ಹೆಸರಾಗುವುದನ್ನು ಒಪ್ಪುವುದು ಕಷ್ಟ.

ಬೇರೆ ದಾರಿಗಳನ್ನು ಹುಡುಕಿದವರೂ ಇದ್ದರು. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ರಚಿಸಿದ ‘ಪೆಂಡ್ರಾಗನ್’ ಆಟದಲ್ಲಿ ಕರುಣೆ–ಕ್ರೌರ್ಯದಂತಹ 13 ಗುಣದ್ವಂದ್ವಗಳಿವೆ. ಪ್ರತಿ ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಅದೇ ವರ್ಷ ರಿಚರ್ಡ್ ಗ್ಯಾರಿಯಟ್ ‘ಅಲ್ಟಿಮಾ 4’ ಎಂಬ ಕಂಪ್ಯೂಟರ್ ಆಟವನ್ನು ಹೊರತಂದನು. ಕೊನೆಯಲ್ಲಿ ಕೊಲ್ಲಬೇಕಾದ ಖಳನೇ ಅದರಲ್ಲಿಲ್ಲ. ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ ಎನಿಸಿಕೊಳ್ಳುವುದೇ ಗುರಿ. ಕುರುಡಿಯಾದ ವ್ಯಾಪಾರಿಯಿಂದ ಮಾಂತ್ರಿಕ ವಸ್ತುಗಳನ್ನು ಕೊಂಡು, ಎಷ್ಟು ಹಣ ಕೊಡುತ್ತೇವೆಂದು ಆಟಗಾರನೇ ಹೇಳಬೇಕು. ಕಡಿಮೆ ಕೊಟ್ಟರೆ ಆಕೆ ತಡೆಯುವುದಿಲ್ಲ. ಆಟ ಮಾತ್ರ ಅದನ್ನು ಮೌನವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮೂಲ ಆಟವೂ ಕ್ರಮೇಣ ಸಡಿಲಗೊಂಡಿತು. 2000ದ ಆವೃತ್ತಿ ಜೀವಿಗಳ ನಿಲುವಿಗೆ ‘ಸದಾ’, ‘ಸಾಮಾನ್ಯವಾಗಿ’, ‘ಹಲವೊಮ್ಮೆ’ ಎಂಬ ವಿಶೇಷಣಗಳನ್ನು ಸೇರಿಸಿತು. ನಿಯಮನಿಷ್ಠನಾಗಿದ್ದ ಓರ್ಕ್ ಅದೇ ಆವೃತ್ತಿಯಲ್ಲಿ ಸ್ವಚ್ಛಂದನಾದನು. ಹುಟ್ಟುಗುಣವೆಂದು ಹೇಳಿದ್ದು ಹೀಗೆ ಪ್ರಕಾಶಕರ ಲೇಖನಿಯಿಂದ ಬದಲಾಯಿತು. 2008ರಲ್ಲಿ ಒಂಬತ್ತು ಮನೆಗಳು ಐದಾದವು. 2014ರಲ್ಲಿ ಒಂಬತ್ತೂ ಮರಳಿದವು, ಆದರೆ ದಂಡಗಳು ಬಹುಮಟ್ಟಿಗೆ ಮರಳಲಿಲ್ಲ. ಓರ್ಕ್ ಮುಂತಾದವರನ್ನು ಹುಟ್ಟಾ ದುಷ್ಟರೆಂದು ಚಿತ್ರಿಸಿದ ರೀತಿ ನಿಜಲೋಕದ ಜನಾಂಗಗಳ ಅವಹೇಳನವನ್ನು ನೆನಪಿಸುತ್ತದೆಂದು ಪ್ರಕಾಶಕರೇ 2020ರಲ್ಲಿ ಒಪ್ಪಿಕೊಂಡರು. 2024ರ ಕೈಪಿಡಿಯಲ್ಲಿ ಓರ್ಕ್, ಆಟಗಾರನು ತನ್ನ ಪಾತ್ರಕ್ಕೆ ಆರಿಸಿಕೊಳ್ಳಬಹುದಾದ ಕುಲಗಳಲ್ಲಿ ಒಂದು.

ಕೋಷ್ಟಕದಿಂದ ಪ್ರಯೋಜನವೇ ಆಗಿಲ್ಲವೆಂದು ನಾವು ಹೇಳುವುದಿಲ್ಲ. ಹೊಸ ಆಟಗಾರನಿಗೆ ತನ್ನ ಪಾತ್ರದ ಮನಸ್ಸನ್ನು ಊಹಿಸಿಕೊಳ್ಳಲು ಅದೊಂದು ಊರುಗೋಲು. ಹಿಂಜರಿಕೆಯಿಲ್ಲದೆ ಹೊಡೆಯಬಹುದಾದ ಶತ್ರು ಆಟಕ್ಕೆ ಬೇಕಾಗುತ್ತದೆ ಎಂಬುದೂ ನಿಜ. ಆದರೆ ಶತ್ರುವಾಗಲು ಎದುರು ಪಕ್ಷದಲ್ಲಿದ್ದರೆ ಸಾಕು, ಹುಟ್ಟಿನಿಂದಲೇ ದುಷ್ಟನಾಗಿರಬೇಕಿಲ್ಲ. 1971ರ ಬೊಂಬೆಯಾಟಕ್ಕೆ ಇಷ್ಟು ಸಾಕಾಗಿತ್ತು. ಪಕ್ಷದ ಗುರುತನ್ನು ಸ್ವಭಾವದ ಗುರುತೆಂದು ಓದಿದ್ದರಿಂದ ಆದ ತಪ್ಪನ್ನು ತಿದ್ದಲು ಒಂದು ಆಟಕ್ಕೆ 40 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆಟದ ಹೊರಗೆ ಅದೇ ತಪ್ಪನ್ನು ತಿದ್ದಿಕೊಳ್ಳುವ ಕೆಲಸ ನಮಗಿನ್ನೂ ಮುಗಿದಿಲ್ಲ.