ಮರಳಿನ ಮೇಲಣ ಪಾಠ

ಐಗಳ ಮಠದಲ್ಲಿ ಮರಳ ಮೇಲೆ ಬೆರಳಾಡಿಸಿ ಓನಾಮ ತಿದ್ದಿದ ಹಿರಿಯರ ಮಾತನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಆ ಮರಳೂ, ಅದರ ಮುಂದೆ ಕುಳಿತ ಹುಡುಗರೂ ಆಂಗ್ಲದೇಶದ ವಿದ್ಯಾಕ್ರಮವನ್ನೇ ಕೆಲವು ಕಾಲ ಬದಲಾಯಿಸಿದ ವೃತ್ತಾಂತವು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು 1787ರಲ್ಲಿ ಮದರಾಸಿಗೆ ಬಂದನು. 1789ರಲ್ಲಿ ಎಗ್ಮೋರಿನಲ್ಲಿ ಸ್ಥಾಪಿತವಾದ, ಐರೋಪ್ಯ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯು ಅವನ ಪಾಲಿಗೆ ಬಂದಿತು. ಅಲ್ಲಿನ ಉಪಾಧ್ಯಾಯರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಹೀಗಿರುವಾಗ ಒಂದು ದಿನ ಅವನು ದೇಶೀಯರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡನು. ಹಿಂದಿರುಗಿದವನೇ ತನ್ನ ಶಾಲೆಯ ಕಿರಿಯ ತರಗತಿಗೂ ಹಾಗೆಯೇ ಕಲಿಸಬೇಕೆಂದು ಆಜ್ಞೆ ಮಾಡಿದನು. ಆ ತರಗತಿಯ ಉಪಾಧ್ಯಾಯನು ಅದು ಸಾಧ್ಯವಿಲ್ಲವೆಂದುಬಿಟ್ಟನು! ಬೆಲ್ಲನು ವಾದಕ್ಕೆ ನಿಲ್ಲಲಿಲ್ಲ. ಸೈನಿಕನೊಬ್ಬನ ಮಗನಾದ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಬಾಲಕನನ್ನು ಕರೆದು ಆ ತರಗತಿಯನ್ನು ಅವನಿಗೆ ಒಪ್ಪಿಸಿದನು. ದೊಡ್ಡವನು ಆಗದೆಂದ ಕೆಲಸವು ಚಿಕ್ಕವನಿಂದ ಆಯಿತು. ಕ್ರಮವಾಗಿ ಉಳಿದ ತರಗತಿಗಳೂ ಹುಡುಗರ ವಶಕ್ಕೆ ಬಂದುವು.

ಇಂಥ ಶಾಲೆಯಲ್ಲಿ ಓದು ಬರೆಹಕ್ಕಿಂತ ಹೆಚ್ಚಿನದೇನೂ ಇರಲಾರದೆಂದು ತೋರಬಹುದು. ಹಾಗಲ್ಲ. ಬೆಲ್ಲನು ಪ್ರಕೃತಿಶಾಸ್ತ್ರದ ಪ್ರಯೋಗಗಳಲ್ಲಿ ಬಲ್ಲವನಾಗಿದ್ದನು. ಆ ರುಚಿಯನ್ನು ಹುಡುಗರಿಗೂ ಹತ್ತಿಸಿದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಒತ್ತೆಯಾಗಿ ಹೋಗಿದ್ದ ಟೀಪೂ ಸುಲ್ತಾನನ ಇಬ್ಬರು ಮಕ್ಕಳನ್ನು 1794ರಲ್ಲಿ ಹಿಂದಕ್ಕೆ ಕಳುಹಿಸಿದಾಗ, ಆ ನಿಯೋಗದ ಸಂಗಡ ಈ ಶಾಲೆಯ ವಿಲಿಯಂ ಸ್ಮಿತ್ ಎಂಬ ತರುಣನೂ ಹೋಗಿ ಸುಲ್ತಾನನ ಸಮ್ಮುಖದಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸಿದನು. ಅನಾಥಶಾಲೆಯ ಹುಡುಗನು ಮೈಸೂರಿನ ದೊರೆಯೆದುರು ಯಂತ್ರಗಳನ್ನಿಟ್ಟುಕೊಂಡು ನಿಂತ ಆ ನೋಟವನ್ನು ಚಿತ್ರಿಸಬಲ್ಲ ಕಲಾವಿದನು ನಮ್ಮಲ್ಲಿ ಹುಟ್ಟಬೇಕು.

ಬೆಲ್ಲನು 1796ರಲ್ಲಿ ಹಿಂದಿರುಗಿ, ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದನು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರನೆಂಬ ಮತ್ತೊಬ್ಬನೂ ಇದೇ ಬಗೆಯ ಶಾಲೆಯನ್ನು ನಡೆಯಿಸಿದನು. ಮೊದಲಿಗನು ಯಾರೆಂಬ ಜಗಳವು ಬಹುಕಾಲ ನಡೆಯಿತು. ಇಬ್ಬರ ವಾದದಲ್ಲಿಯೂ ಮರಳಿನ ಶಾಲೆಯ ಐಗಳಿಗೆ ಪಾಲು ಸಿಕ್ಕಲಿಲ್ಲವೆಂಬುದು ನಮಗೆ ಕಾಣುವ ವಿನೋದ. 1832ರಲ್ಲಿ ತೀರಿಕೊಂಡ ಬೆಲ್ಲನಿಗೆ ವೆಸ್ಟ್‌ಮಿನ್ಸ್ಟರ್ ಆಬಿಯಲ್ಲಿ ಸಮಾಧಿಯಾಯಿತು.

ಇನ್ನು ಇತ್ತ ನೋಡೋಣ. ಮದರಾಸಿನ ಗವರ್ನರನಾದ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿಚಾರಣೆ ನಡೆಯಿಸಿದಾಗ, ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು 1823ರ ಆಗಸ್ಟಿನಲ್ಲಿ ವಿವರವಾದ ಉತ್ತರವನ್ನು ಕಳುಹಿಸಿದನು. ಆಗಿನ ಬಳ್ಳಾರಿ ಜಿಲ್ಲೆಯು ಇಂದಿನದಕ್ಕಿಂತ ಬಹಳ ವಿಸ್ತಾರವಾದುದು. ಅದರಲ್ಲಿ 533 ಶಾಲೆಗಳು. 235 ಕನ್ನಡದವು, 226 ತೆಲುಗಿನವು. ಓದುವವರು ಒಟ್ಟು 6641. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ನಿಂದೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಮುಂದಿನವರಿಗೆ ಹೀಗೆಯೇ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಲಿ! ಮರಳಿನ ತರುವಾಯ ಓಲೆ, ಕಡತ, ಬಳಪ. ಮುಂದುವರಿದ ಹುಡುಗರು ಕಿರಿಯರಿಗೆ ಪಾಠ ಹೇಳಿ, ಹಾಗೆ ಹೇಳುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದ ಕ್ರಮವು ಇಂಗ್ಲೆಂಡಿನವರು ಅನುಸರಿಸಲು ತಕ್ಕುದೇ ಆಗಿತ್ತೆಂದು ಕ್ಯಾಂಪ್‌ಬೆಲ್ಲನು ಒಪ್ಪಿಕೊಂಡಿದ್ದಾನೆ. ಆದರೆ ಹುಡುಗರು ಪದ್ಯಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡುವರೆಂದೂ ಅವನ ದೂರು. ಅದು ಸುಳ್ಳಲ್ಲ, ನಾವು ಮರೆಮಾಚಬೇಕಾಗಿಲ್ಲ.

ಅದೇ ಉತ್ತರದಲ್ಲಿ ಅವನು ಮತ್ತೊಂದು ಸಂಗತಿಯನ್ನೂ ಬರೆದನು. ಜನರು ಬಡವರಾಗಿ, ನೇಯ್ಗೆ ಮೊದಲಾದ ಕಸುಬುಗಳು ಕೆಟ್ಟು, ಐಗಳಿಗೆ ಕೊಡುವ ಅಲ್ಪ ಹಣವೂ ತಂದೆತಾಯಿಗಳ ಕೈಯಲ್ಲಿರಲಿಲ್ಲ. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಆಗ ಶಾಲೆಯೇ ಇರಲಿಲ್ಲ. ಲಂಡನ್ನಿನ ಹುಡುಗರು ತಟ್ಟೆಯ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದ ಕಾಲವೂ ಅದೇ.