ಚರ್ಮ ಹದಗೊಳಿಸುವ ಕಾಯಕ

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರ ಹೆಸರುಗಳು ಸದ್ಭಕ್ತರೆಲ್ಲರಿಗೂ ವಿದಿತವಾಗಿವೆ. ಆದರೆ ಆ ಹೆಸರುಗಳ ಹಿಂದಿರುವ ಕಾಯಕದಲ್ಲಿ ಎಷ್ಟು ಜ್ಞಾನವೂ ಶ್ರಮವೂ ಅಡಗಿರುವುವೆಂಬುದನ್ನು ವಿಚಾರಿಸುವವರು ವಿರಳ. ಡೋಹರರ ಕುಲವೃತ್ತಿಯು ಹಸಿದೊಗಲನ್ನು ಹದಗೊಳಿಸುವುದು. ಅದರ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಪ್ರಾಣಿಯ ದೇಹದಿಂದ ಬೇರ್ಪಟ್ಟ ತೊಗಲು ತೇವವಿದ್ದರೆ ಬೇಗನೆ ಕೊಳೆಯುವುದು. ಒಣಗಿದರೆ ಹಲಗೆಯಂತೆ ಸೆಟೆಯುವುದು. ಈ ಎರಡು ದೋಷಗಳನ್ನೂ ಪರಿಹರಿಸುವುದೇ ಹದ. ಮೊದಲು ತೊಗಲನ್ನು ನೀರಿನಲ್ಲಿ ನೆನೆಯಿಸಿ ರಕ್ತವನ್ನೂ ಕೊಳೆಯನ್ನೂ ಕಳೆಯುವರು. ಬಳಿಕ ಸುಣ್ಣದ ಗುಂಡಿಯಲ್ಲಿ ಹಲವು ದಿನ ಮುಳುಗಿಸಿಡಲು ರೋಮಗಳ ಬುಡವು ಸಡಿಲುವುದು. ಆಗ ಅದನ್ನು ಮರದ ದಿಮ್ಮಿಯ ಮೇಲೆ ಹಾಸಿ, ಒಂದು ಮಗ್ಗುಲಿನ ಕೂದಲನ್ನೂ ಮತ್ತೊಂದು ಮಗ್ಗುಲಿನ ಮಾಂಸದ ಪೊರೆಯನ್ನೂ ಕತ್ತಿಯಿಂದ ಹೆರೆಯುವರು. ಕೈ ತುಸು ತಪ್ಪಿದರೆ ತೊಗಲು ಕೆಟ್ಟಂತೆಯೇ ಸರಿ. ಸುಣ್ಣವನ್ನು ಚೆನ್ನಾಗಿ ತೊಳೆದ ಮೇಲೆ ತೊಗಟೆಯ ಕೆಲಸ. ದಕ್ಷಿಣದ ಸೀಮೆಗಳಲ್ಲಿ ತಂಗಡಿಯ ತೊಗಟೆಯೂ ಉತ್ತರದ ಕಡೆ ಜಾಲಿಯ ತೊಗಟೆಯೂ ಇದಕ್ಕೆ ಹೆಸರಾದವು, ಅಳಲೆಕಾಯಿಯೂ ಉಂಟು. ತೊಗಲನ್ನು ಚೀಲದಂತೆ ಹೊಲಿದು, ಜಜ್ಜಿದ ತೊಗಟೆಯನ್ನೂ ನೀರನ್ನೂ ತುಂಬಿ ತೂಗುಹಾಕುವರು. ಒಸರಿದ ರಸವನ್ನು ಮತ್ತೆ ಮತ್ತೆ ಮೇಲಿಂದ ಹೊಯ್ಯುವರು. ತೊಗಟೆಯ ಒಗರು ತೊಗಲಿನ ಎಳೆಎಳೆಯನ್ನೂ ಹಿಡಿದು ನಿಲ್ಲುವುದರಿಂದ ಅದು ಕೊಳೆಯದ ಚರ್ಮವಾಗುವುದು; ಎಣ್ಣೆಯಿಂದ ಮೃದುತ್ವವನ್ನು ಪಡೆಯುವುದು.

ಕಪಿಲೆಯ ಬಾನಿ, ಎತ್ತಿನ ಮಿಣಿ, ಕಮ್ಮಾರನ ತಿದಿ, ಉತ್ಸವದ ನಗಾರಿ, ದಾರಿಗರ ಕೆರ ಇವೆಲ್ಲವೂ ಈ ಕೈಗಳಿಂದಲೇ ಬಂದವು. ತೋಟಕ್ಕೆ ನೀರೂ ಕುಲುಮೆಗೆ ಗಾಳಿಯೂ ದೇವರ ಮುಂದೆ ನಾದವೂ ಒದಗಿದುದು ಇವರಿಂದ. ಆದರೂ ಊರು ಚರ್ಮವನ್ನು ಒಳಕ್ಕೆ ಬರಮಾಡಿಕೊಂಡು, ಅದನ್ನು ಹದಗೊಳಿಸಿದವರನ್ನು ಹೊರಗೆ ನಿಲ್ಲಿಸಿತು.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಅನ್ಯಾಯವನ್ನು ಒಪ್ಪಲಿಲ್ಲ. ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರು ಚೆನ್ನಯ್ಯನನ್ನೂ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ವಚನದಲ್ಲಿ ಸಾರಿದರು. ಚೆನ್ನಯ್ಯನಾದರೋ ತನ್ನ ಕೈಯುಳಿ, ಕತ್ತಿ, ಅಡಿಗುಂಟಗಳನ್ನು ಮರೆಮಾಚದೆ ವಚನದ ಅಂಕಿತದಲ್ಲಿಯೇ ಇರಿಸಿದನು. ಉಪಕರಣಗಳಿಗೆ ಇದಕ್ಕಿಂತ ಹೆಚ್ಚಿನ ಗೌರವವು ಮತ್ತಾವುದು?

1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಎಂಬವನು ಕ್ರೋಮಿಯಂ ಲವಣದಿಂದ ಚರ್ಮವನ್ನು ಹದಗೊಳಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ವಾರಗಟ್ಟಲೆಯ ಕೆಲಸವು ಅಲ್ಪಕಾಲದಲ್ಲಿಯೇ ಮುಗಿಯತೊಡಗಿತು. ಕಾರ್ಖಾನೆಗಳು ಬೆಳೆದವು, ಹಳ್ಳಿಯ ಗುಂಡಿಗಳು ಬರಿದಾದವು. ಹೊಸ ಕ್ರಮದ ಕೊಳೆನೀರು ಶುದ್ಧಿಯಾಗದೆ ಹರಿದೆಡೆಯಲ್ಲಿ ಹೊಳೆಯೂ ಹೊಲವೂ ಕೆಟ್ಟವು. ಆದರೂ ತೊಗಟೆಯ ಹದವು ಅಳಿದಿಲ್ಲ. ಅದರಿಂದಾದ ಚರ್ಮದಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಶಾಸನವು ತನ್ನ ಕಾರ್ಯವನ್ನು ಮಾಡಿದೆ. ಮನಸ್ಸಿನ ಹದವು ಇನ್ನೂ ಉಳಿದಿದೆ. ಕಕ್ಕಯ್ಯನ ಹೆಸರಿಗೆ ಕೈಮುಗಿದು, ಆತನ ಕಾಯಕದವರನ್ನು ಕಂಡು ಸರಿದು ನಿಲ್ಲುವುದು ಭಕ್ತಿಯೆನಿಸದು.